ಬೆಳಗಿನ ಜಾವದ ಬೆವರು

ಪಾಲಿಯೆಸ್ಟರ್ ರಜಾಯಿ ಉಣ್ಣೆಯದರಷ್ಟೇ ಬೆಚ್ಚಗಿರುವುದರಿಂದ ಉಣ್ಣೆಗೆ ಹೆಚ್ಚು ಹಣ ಕೊಡುವುದು ವ್ಯರ್ಥ ಎಂದು ಹೊದಿಕೆಗಳ ಕುರಿತ ಲೇಖನವೊಂದರಲ್ಲಿ ಲೇಖಕರು ಬರೆದ ಮಾತನ್ನು ನಾನು ಒಪ್ಪಲಾರೆ. ಹೊದಿಕೆಯ ಗುಣ ತಿಳಿಯುವುದು ಮಲಗಿದ ಮೊದಲ ಅರ್ಧ ಗಂಟೆಯಲ್ಲಲ್ಲ, ಬೆಳಗಿನ ಜಾವದಲ್ಲಿ. ಉಣ್ಣೆಯ ಎಳೆ ತನ್ನ ತೂಕದ ಸುಮಾರು ಶೇ. 30ರಷ್ಟು ತೇವವನ್ನು ಆವಿಯ ರೂಪದಲ್ಲಿ ಹೀರಿಕೊಂಡರೂ ಮುಟ್ಟಿದಾಗ ಒದ್ದೆ ಎನಿಸುವುದಿಲ್ಲ. ಪಾಲಿಯೆಸ್ಟರ್ ಎಳೆಯಾದರೋ ಶೇ. 1ರಷ್ಟನ್ನೂ ಹೀರದ ಕಾರಣ, ಬೆವರಿನ ತೇವ ಮೈಗೂ ಹೊದಿಕೆಗೂ ನಡುವೆಯೇ ಉಳಿದುಬಿಡುತ್ತದೆ. ಸಿಂಥೆಟಿಕ್ ರಜಾಯಿ ಹೊದೆಯುತ್ತಿದ್ದಷ್ಟು ವರ್ಷವೂ ನಾನು ಬೆಳಗಿನ ಜಾವ ಕತ್ತಿನ ಸುತ್ತ ತೇವವಾಗಿ ಎಚ್ಚರಗೊಂಡು, ಹೊದಿಕೆಯನ್ನು ಕಾಲಿನಿಂದ ತಳ್ಳಿ, ಹತ್ತೇ ನಿಮಿಷದಲ್ಲಿ ಚಳಿಯಾಗಿ ಮತ್ತೆ ಎಳೆದುಕೊಳ್ಳುತ್ತಿದ್ದೆ. ಉಣ್ಣೆಗೆ ಬದಲಾದ ಮೇಲೆ ಈ ಎಳೆದಾಟ ನಿಂತಿತು. ಆ ಹಳೆಯ ರಜಾಯಿಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ, ಒಳಗೆ ತುಂಬಿದ ಎಳೆಗಳು ಅಂಚುಗಳಲ್ಲಿ ಗಂಟುಗಟ್ಟಿ ನಡುಭಾಗ ಬರೀ ಬಟ್ಟೆಯಾಗಿ ಉಳಿದದ್ದೂ ಕಾಣಿಸಿತು. ಉಣ್ಣೆಗೆ ನುಸಿಹುಳುವಿನ ಕಾಟವಿದೆ, ಅದನ್ನು ಒಗೆಯುವುದೂ ತೊಂದರೆ ಎಂದು ಲೇಖಕರು ಹೇಳಿದ್ದು ನಿಜವೇ. ಆದರೆ ಉಣ್ಣೆಯನ್ನು ಪದೇ ಪದೇ ಒಗೆಯಬೇಕಾಗಿಯೇ ಇಲ್ಲ, ಗಾಳಿಯಾಡುವ ನೆರಳಿನಲ್ಲಿ ಆಗಾಗ ಹರವಿದರೆ ಹೀರಿದ ತೇವವೂ ವಾಸನೆಯೂ ಬಹುಮಟ್ಟಿಗೆ ಹೋಗುತ್ತವೆ.