ಎರಡರಷ್ಟು ಬಿಯರ್

ಅಮೆರಿಕದಲ್ಲಿರುವ ನನ್ನ ಷಡ್ಡಕರು ಮನೆಯಲ್ಲೇ ಬಿಯರ್ ಮಾಡುತ್ತಾರೆ. ಡಬ್ಬಿಯಲ್ಲಿ ಬರುವ ಮಾಲ್ಟ್ ಪಾಕಕ್ಕೆ ನೀರು ಬೆರೆಸಿ ಕುದಿಸುವ ಸುಲಭದ ದಾರಿ ಇದೆ. ಅದು ಅವರಿಗೆ ಬೇಡ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ನುಚ್ಚು ಮಾಡಿಸಿ ತರಬೇಕು, ಬಿಸಿನೀರಲ್ಲಿ ನೆನೆಹಾಕಬೇಕು, ಸಿಹಿನೀರು ಬಸಿದು ಹಾಪ್ಸ್ ಎಂಬ ಕಹಿ ಹೂವು ಹಾಕಿ ಕುದಿಸಬೇಕು, ತಣ್ಣಗಾದ ಮೇಲೆ ಯೀಸ್ಟ್ ಹಾಕಬೇಕು. ಅಲ್ಲಿ ಇದಕ್ಕೆ ಅಡ್ಡಿಯಿಲ್ಲ. 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನ ಪ್ರಕಾರ, ಇಬ್ಬರು ದೊಡ್ಡವರಿರುವ ಮನೆಯಲ್ಲಿ ವರ್ಷಕ್ಕೆ 200 ಗ್ಯಾಲನ್ ತನಕ ತೆರಿಗೆ ಕಟ್ಟದೆ ಮಾಡಿಕೊಳ್ಳಬಹುದು, ಮಾರುವ ಹಾಗಿಲ್ಲ. ಅಂದರೆ 750 ಲೀಟರಿಗೂ ಜಾಸ್ತಿ! ಅಷ್ಟು ಖರ್ಚಾಗುವ ಮನೆಗೆ ಕಾನೂನಿಗಿಂತ ಡಾಕ್ಟರ್ ಅಗತ್ಯ ಅನ್ನಿಸುತ್ತದೆ.

ಸಾಮಾನ್ಯವಾಗಿ ಒಂದು ಸಲಕ್ಕೆ ಮಾಡುವುದು 5 ಗ್ಯಾಲನ್, ಸುಮಾರು 19 ಲೀಟರ್. “ಹೇಗೂ ಇಡೀ ಶನಿವಾರ ಹೋಗುತ್ತೆ ಕಣ್ರೀ, 19 ಆದರೇನು, 38 ಆದರೇನು?” ಅನ್ನುವುದು ಷಡ್ಡಕರ ವಾದ. ಮದುವೆ ಮನೆಯ ಅಡುಗೆ ಭಟ್ಟರಾದರೆ ಇದನ್ನು ಒಪ್ಪುತ್ತಿರಲಿಲ್ಲ. ನೂರು ಜನರ ಸಾರಿನ ಲೆಕ್ಕವನ್ನು ಐದರಿಂದ ಗುಣಿಸಿದರೆ ಐನೂರು ಜನರ ಸಾರಾಗುವುದಿಲ್ಲ ಎಂದು ಅವರಿಗೆ ಗೊತ್ತು.

ಬಾರ್ಲಿಯೇನೋ ಎರಡರಷ್ಟೇ ಬೇಕು. 5 ಕೆಜಿ ಹಾಕುವಲ್ಲಿ 10. ಅದು ಕೆಜಿಗೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಕುಡಿದು, ವಾಪಸ್ ಕೊಡದೆ ಕೂರುತ್ತದೆ. ಅದೂ ಎರಡರಷ್ಟು. ಆದರೆ ಕುದಿಯುವಾಗ ಆವಿಯಾಗುವ ನೀರು ಪಾತ್ರೆಯ ಬಾಯಿ ಮತ್ತು ಉರಿ ನೋಡುತ್ತದೆಯೇ ಹೊರತು, ಒಳಗೆಷ್ಟಿದೆ ಅಂತ ನೋಡುವುದಿಲ್ಲ. ಅದೇ ಪಾತ್ರೆ, ಅದೇ ಕುದಿ ಆದರೆ ಗಂಟೆಗೆ ನಾಲ್ಕು ಲೀಟರ್ ಹೋಗುವ ಕಡೆ ನಾಲ್ಕೇ ಹೋಗುತ್ತದೆ. ಎಲ್ಲವನ್ನೂ ಕಣ್ಣು ಮುಚ್ಚಿ ಎರಡರಿಂದ ಗುಣಿಸಿದವರ ಬಿಯರ್ ನೀರು ನೀರು.

ಬಾರ್ಲಿ ನೆನೆಯುವುದು ಆಟದ ಮೈದಾನಗಳಲ್ಲಿ ಕಾಣುವ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕೂಲರಿನಲ್ಲಿ. ತಂಪು ಕಾಯುವ ಡಬ್ಬ ಬಿಸಿಯನ್ನೂ ಕಾಯುತ್ತದೆ. ಒಳಗೆ 66, 67 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಂದು ಗಂಟೆಯಲ್ಲಿ ಹಿಟ್ಟಿನಂಶ ಸಕ್ಕರೆಯಾಗುತ್ತದೆ. ದೊಡ್ಡ ಪ್ರಮಾಣದ ಒಂದೇ ಒಂದು ಸುಖ ಇಲ್ಲೇ ಇರುವುದು: ಕೂಲರ್ ತುಂಬಿದ್ದಷ್ಟೂ ಬಿಸಿ ನಿಧಾನಕ್ಕೆ ಇಳಿಯುತ್ತದೆ. ಕಷ್ಟ ಕಲಕುವುದರಲ್ಲಿ. 10 ಕೆಜಿ ನುಚ್ಚು ಅಂಚಿನ ತನಕ ಬಂದಿರುತ್ತದೆ. ತಳದಲ್ಲಿ ಒಣ ಗಂಟು ಉಳಿದರೆ ಅದರೊಳಗಿನ ಸಕ್ಕರೆ ನಮ್ಮದಲ್ಲ. ಮರದ ಹುಟ್ಟು ಹಿಡಿದು ಕೆಳಗಿನಿಂದ ಮೇಲಕ್ಕೆ ಎಬ್ಬಿಸುತ್ತಾ ಬಂದರೆ ಗಂಟುಗಳು ಒಂದೊಂದೇ ತೇಲಿ ಬಂದು ಒಡೆಯುತ್ತವೆ, ಬಿಸಿ ಅಂಬಲಿಯ ವಾಸನೆ ಮುಖಕ್ಕೆ ಹೊಡೆಯುತ್ತದೆ. ನನಗೆ ಬಿಯರಿಗಿಂತ ಈ ವಾಸನೆಯೇ ಇಷ್ಟ.

ಬಸಿದ ಸಿಹಿನೀರು 40 ಲೀಟರ್ ದಾಟಿದರೆ ಅಡುಗೆಮನೆ ಒಲೆ ಕೈಚೆಲ್ಲುತ್ತದೆ. ಆಗ ಅಂಗಳಕ್ಕೆ ಬರುವುದು ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಇಡೀ ಟರ್ಕಿ ಕೋಳಿ ಕರಿಯುವ ಗ್ಯಾಸ್ ಒಲೆ. ಅದನ್ನು ಮುಚ್ಚಿದ ಗ್ಯಾರೇಜಿನೊಳಗೆ ಹಚ್ಚಬಾರದು, ವಿಷಗಾಳಿ. ದೊಡ್ಡ ಒಲೆ, ದೊಡ್ಡ ಪಾತ್ರೆ ಇಲ್ಲದವರು ಸುಮ್ನೆ ಎರಡು ಪಾತ್ರೆಯಲ್ಲಿ ಕುದಿಸಬಹುದು. ಕಡಿಮೆ ನೀರಿನಲ್ಲಿ ಗಟ್ಟಿ ಪಾಕವಾಗಿ ಕುದಿಸಿ ಆಮೇಲೆ ನೀರು ಬೆರೆಸುವವರೂ ಇದ್ದಾರೆ. ನನ್ನ ಕೇಳಿದರೆ ಎರಡು ಪಾತ್ರೆಯೇ ವಾಸಿ. ತುಂಬಿದ ಒಂದೇ ಪಾತ್ರೆ ಐವತ್ತು ಕೆಜಿ ತೂಗುತ್ತದೆ. “ಏನ್ರೀ, ಆ ಕಡೆ ಒಂದು ಕೈ ಹಿಡೀರಿ” ಅಂತ ಷಡ್ಡಕರು ಕರೆದಾಗ ನಾನು ಪಾತ್ರೆಯ ಬುಡದ ಕೊಳಾಯಿ ತಿರುಗಿಸುತ್ತೇನೆ. ಕುದಿಯುವ ಸಕ್ಕರೆ ನೀರನ್ನು ಎತ್ತಬಾರದು, ಹರಿಸಿಕೊಳ್ಳಬೇಕು.

ಆರಿಸುವುದೂ ನಿಧಾನ. ಪಾತ್ರೆಯೊಳಗೆ ಇಳಿಸಿದ ತಾಮ್ರದ ಕೊಳವೆಯ ಸುರುಳಿಯಲ್ಲಿ ತಣ್ಣೀರು ಹರಿಸುತ್ತಾ ಕುದಿಸಿದ್ದನ್ನು ಕಲಕುತ್ತಿದ್ದರೆ ಬೇಗ ಇಳಿಯುತ್ತದೆ. ಕೊನೆಗೆ ಎರಡು ಬಕೆಟ್ಟಿಗೆ ಸುರಿದು, ಒಂದೊಂದಕ್ಕೂ ಬೇರೆ ಯೀಸ್ಟ್ ಹಾಕಿದರೆ ಒಂದೇ ದಿನದ ದುಡಿಮೆಗೆ ಎರಡು ರುಚಿಯ ಬಿಯರ್. ಇಷ್ಟೆಲ್ಲ ಪಾಡಿಗೆ ಇದೇ ಸರಿಯಾದ ಕೂಲಿ ಅಂತ ನನ್ನ ಲೆಕ್ಕ.

ಬಾಟಲಿ ತೊಳೆಯುವ ಕೆಲಸ ಮಾತ್ರ ಯಾವ ರಿಯಾಯಿತಿಯೂ ಇಲ್ಲದೆ ಸರಿಯಾಗಿ ಎರಡರಷ್ಟಾಗುತ್ತದೆ. 38 ಲೀಟರಿಗೆ ಅಲ್ಲಿಯ 355 ಮಿಲಿಲೀಟರಿನ ಬಾಟಲಿ ನೂರಕ್ಕೂ ಮೇಲೆ ಬೇಕು. ಊರಿಂದ ನೆಂಟರು ಬರುವ ವಾರವನ್ನೇ ಷಡ್ಡಕರು ಇದಕ್ಕೆ ಹೇಗೆ ಹೊಂದಿಸುತ್ತಾರೋ!