ಮಲ್ಪೆಯ ಕಲ್ಲು, ನಮ್ಮ ಎರಿ ಹೊಲ

ಉಡುಪಿ ಹತ್ತಿರದ ಮಲ್ಪೆ ಕಡಲಲ್ಲಿರುವ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಬಂದ ನಮ್ಮ ವಿಜಯಪುರದ ಮಂದಿಯನ್ನು ಕೇಳಿ ನೋಡ್ರಿ. ನೀರು ಚಲೋ ಐತಿ, ಬೋಟಿನಾಗ ಮಜಾ ಬಂತು, ಮೀನಿನ ಊಟ ಭಾಳ ತುಟ್ಟಿ ಅಂತಾರೆ. ಕಲ್ಲು? “ಹೂಂ, ಕಲ್ಲೂ ಅದಾವ್ರಿ, ಫೋಟೋ ಹೊಡಕೊಂಡ್ವಿ.” ನನಗೆ ಸಿಟ್ಟು ಬರೋದು ಇಲ್ಲೇ. ಮರಳು, ತೆರೆ ಬೇಕಂದ್ರೆ ಕಾರವಾರದಿಂದ ಉಳ್ಳಾಲದ ತನಕ ಎಲ್ಲಾದರೂ ಸಿಗುತ್ತವೆ. ಮಲ್ಪೆಯಲ್ಲಿ ಬೋಟ್ ಹತ್ತುವುದೇ ಆ ಕಲ್ಲಿನ ಸಲುವಾಗಿ, ಲಾವಾ ಆರಿ ಗಟ್ಟಿಯಾಗಿ ಆದ ಮೂಲೆ ಮೂಲೆಯ ಕಲ್ಲುಕಂಬಗಳ ಸಲುವಾಗಿ.

ಈ ಸಲ ಫೆಬ್ರವರಿಯಲ್ಲಿ ಕಾಕಾನನ್ನು ಕರಕೊಂಡು ಹೋಗಿದ್ದೆ. ಡೋಣಿ ನದಿ ಸಾಲಿನ ರೈತ, ಜೋಳ-ಕಡ್ಲಿ ಬಿಟ್ಟು ಎರಡನೇ ಮಾತಿಲ್ಲ. ಎಲ್ಲರೂ ಕಪ್ಪೆಚಿಪ್ಪು ಆರಿಸುತ್ತಿದ್ದರೆ ಈ ಮನುಷ್ಯ ಕಂಬಗಳ ನೆತ್ತಿಯ ಮೇಲೆ ಕುಕ್ಕರಗಾಲಲ್ಲಿ ಕೂತು, ಎರಡು ಕಲ್ಲಿನ ನಡುವಿನ ಸಂದಿಯಲ್ಲಿ ಬೆರಳಾಡಿಸುತ್ತಿದ್ದ. ಐದು ಮೂಲೆಯದೊಂದು, ಆರರದೊಂದು, ಪಕ್ಕದಲ್ಲಿ ಏಳರದು. ನೆತ್ತಿಯ ತಗ್ಗಿನಲ್ಲಿ ಒಂದು ಬೊಗಸೆ ಉಪ್ಪುನೀರು. “ತಮ್ಮಾ, ಬ್ಯಾಸಗ್ಯಾಗ ನಮ್ಮ ಎರಿ ಹೊಲ ಬಾಯಿ ಬಿಡತೈತಲ್ಲ, ಥೇಟ್ ಹಂಗ ಐತಿ ನೋಡು” ಅಂದ.

ಕಾಕಾ ಹೇಳಿದ್ದು ಬರೀ ಹೋಲಿಕೆ ಅಲ್ರೀ, ಕಾರಣವೂ ಹೆಚ್ಚುಕಡಿಮೆ ಅದೇ. ನಮ್ಮ ಕಪ್ಪು ಎರೆ ಮಣ್ಣು ನೀರು ಕಳಕೊಂಡು ಕುಗ್ಗುತ್ತದೆ, ಲಾವಾ ಕಾವು ಕಳಕೊಂಡು ಕುಗ್ಗುತ್ತದೆ. ಕುಗ್ಗಿದ್ದು ಬಿರಿಯಲೇಬೇಕು. ಹೊಲದ ಬಿರುಕು ಹೆಂಗಂದ್ರ ಹಂಗ ಓಡುತ್ತದೆ. ಲಾವಾದಲ್ಲಿ ಮೇಲ್ಮೈ ಮೊದಲು ಆರಿ, ಕಾವು ಇಳಿದಂತೆಲ್ಲ ಬಿರುಕು ಒಳಗೊಳಗೆ ನಿಧಾನವಾಗಿ ಇಳಿಯುತ್ತದೆ. ಇಳಿಯುತ್ತಾ ಇಳಿಯುತ್ತಾ ಶಿಸ್ತಿಗೆ ಬಂದು, ಮೂರು ಬಿರುಕು ಕೂಡುವ ಕಡೆ ಸುಮಾರು 120 ಡಿಗ್ರಿಯ ಮೂಲೆ ಆಗುತ್ತದೆ. ಅದಕ್ಕೇ ಆರು ಮೂಲೆಯ ಕಂಬಗಳು ಅಷ್ಟೊಂದು. ಯಾವ ಶಿಲ್ಪಿಯೂ ಉಳಿ ಮುಟ್ಟಿಸಿಲ್ಲ.

ನಮ್ಮ ಬೋಟಿನಲ್ಲೇ ಇದ್ದ ಊರ ಕಡೆಯವರೊಬ್ಬರು “ಇದು ನಮ್ಮ ಗೋಳಗುಮ್ಮಟದ ಕಲ್ಲೇ ಬಿಡ್ರಿ” ಅಂತ ತೀರ್ಪು ಕೊಟ್ಟುಬಿಟ್ಟರು. ಅಲ್ಲ. ಗುಮ್ಮಟದ ಕರಿಕಲ್ಲು ಡೆಕ್ಕನ್ ಟ್ರ್ಯಾಪ್ ಅನ್ನೋ ದೊಡ್ಡ ಲಾವಾ ಹಾಸಿನ ಬಸಾಲ್ಟ್, ಸುಮಾರು 6.6 ಕೋಟಿ ವರ್ಷದ್ದು. ಅದೇ ಕಲ್ಲು ಸವೆದು ನಮ್ಮ ಎರೆ ಮಣ್ಣಾಗಿದೆ. ಮಲ್ಪೆಯದು ಅದಕ್ಕಿಂತ ಹಿರಿಯದು, ಸುಮಾರು 8.8 ಕೋಟಿ ವರ್ಷ. ಸಿಲಿಕಾ ಹೆಚ್ಚಿರುವ, ರಯೋಲೈಟ್-ಡೇಸೈಟ್ ಜಾತಿಯ ಕಲ್ಲು. ಮಡಗಾಸ್ಕರ್ ನಮ್ಮ ನೆಲದಿಂದ ಹರಿದು ದೂರ ಸರಿದ ಕಾಲಕ್ಕೆ ಉಕ್ಕಿದ ಲಾವಾ ಅದು. (ಬಾದಾಮಿಯವರು ನಡುವೆ ಬಾಯಿ ಹಾಕಬ್ಯಾಡ್ರಿ, ನಿಮ್ಮ ಕೆಂಪು ಕಲ್ಲು ಉಸುಕು ಗಟ್ಟಿಯಾಗಿ ಆದದ್ದು, ಅದರ ವಂಶವೇ ಬೇರೆ.)

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಸಾರಿದೆ. ನಾವು ಅದಕ್ಕೆ ಕೊಡುವ ಮರ್ಯಾದೆ ನೋಡಬೇಕು. ಕಂಬದ ಮೇಲೆ ಮೊಳೆಯಿಂದ ಹೃದಯ ಕೊರೆದು, ಒಳಗೆ ಎರಡು ಹೆಸರು! ಕಾಲಿಟ್ಟರೆ ಜಾರುವ ಹಸಿ ಕಲ್ಲಿನ ತುದಿಗೆ ಹತ್ತಿ, ಬೆನ್ನ ಹಿಂದೆ ತೆರೆ ಬರಲಿ ಅಂತ ಮೊಬೈಲ್ ಹಿಡಿದು ಕಾಯುವವರು ಬೇರೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದಿದ್ದ ಅನ್ನೋ ಪ್ರತೀತಿಯನ್ನು ಮಾತ್ರ ಎಲ್ಲರೂ ಬಾಯಿಪಾಠ ಒಪ್ಪಿಸುತ್ತಾರೆ.

ನಮ್ಮ ಕಡೆಯ ಸಾಲಿ ಮಾಸ್ತರರಿಗೆ ಒಂದು ಮಾತು. ಪ್ರವಾಸಕ್ಕೆ ಮಕ್ಕಳನ್ನು ಕರಕೊಂಡು ಹೋಗ್ತೀರಿ, ದ್ವೀಪದಲ್ಲಿ ತಲೆ ಎಣಿಸೋದರಲ್ಲೇ ನಿಮ್ಮ ಹೊತ್ತು ಹೋಗುತ್ತದೆ, ತಪ್ಪಿಲ್ಲ. ಅದಕ್ಕೇ ಪಾಠ ಊರಲ್ಲೇ ಮುಗಿಸಿಕೊಂಡು ಹೋಗ್ರಿ. ಏಪ್ರಿಲ್‌ನಲ್ಲಿ ಹುಡುಗರನ್ನು ಒಂದು ಎರಿ ಹೊಲಕ್ಕೆ ನಿಲ್ಲಿಸಿ ಬಿರುಕಿನ ಚಿತ್ರ ಬರೆಸ್ರಿ, ಎಷ್ಟು ಮೂಲೆ ಅಂತ ಎಣಿಸಲಿ. ಮಳೆಗಾಲದಲ್ಲಿ ಹೆಂಗೂ ಬೋಟ್ ಬಂದ್, ಡಿಸೆಂಬರ್‌ನಲ್ಲಿ ಅದೇ ವಹಿ ಹಿಡಿದು ದ್ವೀಪಕ್ಕೆ ಇಳಿಯಲಿ. ಹೊಲ ಕೊಡೋದಕ್ಕೆ ನಮ್ಮ ಕಾಕಾ ತಯಾರ್ ಅದಾನ, ಬಿತ್ತಿದ ಮೇಲೆ ಮಾತ್ರ ಬರಬ್ಯಾಡ್ರಿ ಅಂದಾನ.