ಸ್ಪಷ್ಟನೆ: ಸಸಿ ಹಳದಿಯಾದರೆಲ್ಲ ಯೂರಿಯಾ ಮದ್ದಲ್ಲ

"ಮೆಕ್ಕೆಜೋಳದ ಸಸಿ ಹಳದಿಯಾದರೆ ಸಾರಜನಕದ ಕೊರತೆಯೇ, ಕೂಡಲೇ ಯೂರಿಯಾ ಕೊಡಿ" ಎಂಬ ಸಂದೇಶ ಗ್ರೂಪುಗಳಲ್ಲಿ ಓಡಾಡುತ್ತಿದೆ. ಮೊನ್ನೆ ನಾನೂ ಹಂಚಿದ್ದೆ. ಅದು ತಪ್ಪು, ಕ್ಷಮಿಸಿ.

ಸಾರಜನಕ ಸಾಲದಾದಾಗ ಗಿಡ ಹಳೇ ಎಲೆಯಲ್ಲಿರುವುದನ್ನೇ ತೆಗೆದು ಸುಳಿಗೆ ಸಾಗಿಸುತ್ತದೆ. ಹಾಗಾಗಿ ಮೊದಲು ಹಳದಿಯಾಗುವುದು ಕೆಳಗಿನ ಎಲೆ. ತುದಿಯಿಂದ ನಡುನರದ ಗುಂಟ, ಇಂಗ್ಲಿಷಿನ 'ವಿ' ಆಕಾರದಲ್ಲಿ. ಎಲೆಗೆ ಹಸಿರು ಬಣ್ಣ ಕೊಡುವ ಪತ್ರಹರಿತ್ತಿನ ಪ್ರತಿ ಅಣುವಿನಲ್ಲೂ 4 ಸಾರಜನಕ ಪರಮಾಣುಗಳಿವೆ. ಇಂಗಾಲದ ಡೈಆಕ್ಸೈಡ್ ಹಿಡಿಯುವ ಕಿಣ್ವಗಳಿಗೂ ಸಾರಜನಕ ಬೇಕು. ಅದಿಲ್ಲದಿದ್ದರೆ ಎಷ್ಟು ಬಿಸಿಲಿದ್ದರೂ ದ್ಯುತಿಸಂಶ್ಲೇಷಣೆ ಕುಂಟುತ್ತದೆ.

ಕೆಳಗಿನ ಎಲೆ ಹಸಿರಾಗಿಯೇ ಇದ್ದು, ಸುಳಿಯ ಎಲೆ ನರಗಳ ನಡುವೆ ಬಿಳಿಚಿದ್ದರೆ ಕಬ್ಬಿಣ ಅಥವಾ ಸತುವಿನ ಕೊರತೆ ಇರಬಹುದು. ಯೂರಿಯಾ ಅದನ್ನು ನೀಗಿಸದು. ನೀರು ನಿಂತರೂ ಸಸಿ ಹಳದಿಯಾಗುತ್ತದೆ; ಹೊಲದಲ್ಲಿ ನೀರು ನಿಂತಿದ್ದರಂತೂ ಮೊದಲು ಬಸಿಗಾಲುವೆ ತೆಗೆಯಿರಿ.

ದಯವಿಟ್ಟು ಆ ಸಂದೇಶ ಯಾರಿಗೂ ಕಳಿಸಬೇಡಿ.